ಇನ್ಸುಲಿನ್: ಕುದ್ರುವಿನಿಂದ ಹೂಕುಂಡಕ್ಕೆ

ಇನ್ಸುಲಿನ್ ಎಂಬ ಮಾತು ಈಗ ಕನ್ನಡದಲ್ಲಿ ಎರಡು ದನಿಯಲ್ಲಿ ಕೇಳಿಸುತ್ತದೆ. “ಅವರಿಗೆ ಇನ್ಸುಲಿನ್‌ಗೆ ಬಂದುಬಿಟ್ಟಿದೆಯಂತೆ” ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ, ಮಾತ್ರೆಗಳ ಕಾಲ ಮುಗಿಯಿತು, ಕಾಯಿಲೆ ಕೈಮೀರಿತು ಎಂದು ಕೇಳಿದವರು ತಿಳಿಯುತ್ತಾರೆ. ಅದೇ ಬೀದಿಯಲ್ಲಿ ಕಾಂಪೌಂಡಿನ ಆಚೆಯಿಂದ “ನಮ್ಮನೇಲಿ ಇನ್ಸುಲಿನ್ ಇದೆ ಅಕ್ಕ, ಒಂದು ಕಡ್ಡಿ ಮುರ್ಕೊಡ್ತೀನಿ, ನೆಟ್ಕೊಳ್ಳಿ” ಎಂಬ ಮಾತೂ ಬರುತ್ತದೆ. ಸಿರಿಂಜಿನಲ್ಲಿದ್ದಾಗ ಹೆದರಿಸುವ ಪದವೇ ಹೂಕುಂಡದಲ್ಲಿದ್ದಾಗ ಧೈರ್ಯ ಕೊಡುತ್ತದೆ. ಆ ಭಯಕ್ಕೂ ಈ ಧೈರ್ಯಕ್ಕೂ ಅದು ಅರ್ಹವಲ್ಲ ಎಂಬುದನ್ನು ಪದದ ಹುಟ್ಟಿನಿಂದಲೇ ನೋಡುತ್ತ ಬರಬಹುದು.

ಲ್ಯಾಟಿನ್ನಿನಲ್ಲಿ ‘ಇನ್ಸುಲಾ’ ಎಂದರೆ ದ್ವೀಪ. ಹಳೆಯ ರೋಮಿನಲ್ಲಿ ಬಾಡಿಗೆದಾರರು ತುಂಬಿರುತ್ತಿದ್ದ ಹಲವು ಅಂತಸ್ತಿನ ವಠಾರಕ್ಕೂ ಅದೇ ಹೆಸರಿತ್ತು. ಇಟಾಲಿಯನ್ನಿನ ಇಸೋಲಾ, ಸ್ಪ್ಯಾನಿಷಿನ ಇಸ್ಲಾ, ಫ್ರೆಂಚಿನ ಈಲ್, ಇಂಗ್ಲಿಷಿನ ಐಲ್ ಎಲ್ಲವೂ ಇದರ ಸಂತಾನ. ಇಂಗ್ಲಿಷಿನ ಐಲೆಂಡ್ ಮಾತ್ರ ಈ ಮನೆತನದ್ದಲ್ಲ. ಬೇರೆ ಮೂಲದ ಆ ಪದ ಐಲ್‌ನ ಜೊತೆ ಹೋಲಿಕೆ ಕಂಡು, ಉಚ್ಚಾರವೇ ಇಲ್ಲದ ಒಂದು ‘ಎಸ್’ ಅಕ್ಷರವನ್ನು ನಡುವೆ ಸೇರಿಸಿಕೊಂಡಿತು. ಇನ್ಸುಲಾದ ಮೊಮ್ಮಕ್ಕಳು ನಮ್ಮ ಮನೆಗಳಿಗೂ ಬಂದಿದ್ದಾರೆ. ಸುಲಿದ ವಯರಿಗೆ ಸುತ್ತುವ ಕಪ್ಪು ಇನ್ಸುಲೇಶನ್ ಟೇಪು ಒಂದು. ಕೊರೊನಾ ಕಾಲದಲ್ಲಿ ಹಳ್ಳಿಹಳ್ಳಿಗೂ ಗೊತ್ತಾದ ಐಸೊಲೇಶನ್ ವಾರ್ಡು ಇನ್ನೊಂದು. ಸುತ್ತಲಿನಿಂದ ಬೇರೆ ಮಾಡಿ ಇಡುವುದು ಎಂಬ ಅರ್ಥ ಎರಡರಲ್ಲೂ ಇದೆ. ಇವುಗಳ ಒಡಹುಟ್ಟು ಇನ್ಸುಲಿನ್.

ದ್ವೀಪ ಹೊಟ್ಟೆಯೊಳಗೆ ಕಾಣಿಸಿದ್ದು 1869ರಲ್ಲಿ. ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯ ತೆಳುವಾದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಜೀರ್ಣರಸ ಸ್ರವಿಸುವ ಅಂಗಾಂಶದ ನಡುವೆ ಅಲ್ಲಲ್ಲಿ ಬೇರೆ ಬಗೆಯ ಜೀವಕೋಶಗಳ ಪುಟ್ಟ ಗುಂಪುಗಳು ಕಂಡವು. ಅವುಗಳ ಕೆಲಸವೇನೆಂದು ತನಗೆ ತಿಳಿಯದೆಂದು ತನ್ನ ಪ್ರಬಂಧದಲ್ಲೇ ಬರೆದ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮೆರಿಂಗ್ ಮತ್ತು ಮಿಂಕೋವ್ಸ್ಕಿ ನಾಯಿಯೊಂದರ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1893ರಲ್ಲಿ ಫ್ರಾನ್ಸಿನ ಲಾಗೆಸ್ ಆ ಗುಂಪುಗಳಿಗೆ ಕಿರುದ್ವೀಪಗಳು ಎಂದು ಹೆಸರಿಟ್ಟು, ಹಳೆಯ ವಿದ್ಯಾರ್ಥಿಯ ಹೆಸರನ್ನೂ ಜೊತೆಗೆ ಸೇರಿಸಿದ. ನಮ್ಮ ಪಠ್ಯಪುಸ್ತಕಗಳ ‘ಕಿರುದ್ವೀಪ’ಕ್ಕಿಂತ ಕುಂದಾಪುರ, ಉಡುಪಿ ಕಡೆಯ ‘ಕುದ್ರು’ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಸುತ್ತ ಹೊಳೆ ಹರಿಯುತ್ತಿರುವಾಗ ನಡುವೆ ತನ್ನ ಪಾಡಿಗೆ ತಾನಿರುವ ನೆಲ ಅದು. ಮೇದೋಜೀರಕದ ಈ ಕುದ್ರುಗಳ ಸುತ್ತಲೂ ಜೀರ್ಣರಸದ ಜೀವಕೋಶಗಳೇ. ಆದರೆ ಕುದ್ರುಗಳು ತಮ್ಮ ರಸವನ್ನು ಕರುಳಿಗೆ ಬಿಡದೆ ನೇರ ರಕ್ತಕ್ಕೆ ಬಿಡುತ್ತವೆ.

ಆ ರಸಕ್ಕೆ 1909ರಲ್ಲಿ ಬೆಲ್ಜಿಯಮ್ಮಿನ ಜೀನ್ ಡಿ ಮೇಯರ್ ‘ಇನ್ಸುಲೀನ್’ ಎಂದು ಹೆಸರಿಟ್ಟ. ಕೆಲವು ವರ್ಷಗಳ ನಂತರ ಎಡಿನ್‌ಬರೋದ ಶಾರ್ಪಿ-ಶೇಫರ್ ಸ್ವತಂತ್ರವಾಗಿ ಅದೇ ಹೆಸರಿಗೆ ಬಂದು ನಿಂತ. ಆಗಿನ್ನೂ ಆ ವಸ್ತುವನ್ನು ಯಾರೂ ಬೇರ್ಪಡಿಸಿ ಬಳಕೆಗೆ ತಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಗಿತ್ತು. ಕೂಸು ಬಂದದ್ದು ಟೊರೊಂಟೊದಲ್ಲಿ, 1921ರಲ್ಲಿ. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದನ್ನು ‘ಐಲೆಟಿನ್’ ಎಂದು ಕರೆಯುತ್ತಿದ್ದರು. ಲ್ಯಾಟಿನ್ ಹೆಸರೇ ಕೊನೆಗೆ ನಿಂತಿತು. 1922ರ ಜನವರಿ 11ರಂದು ಮಧುಮೇಹದಿಂದ ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಔಷಧ ಶುದ್ಧವಾಗಿರಲಿಲ್ಲ, ಪ್ರಯೋಜನ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಹಗಲುರಾತ್ರಿ ಕೂತು ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 1935ರವರೆಗೆ ಬದುಕಿದ. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ವೈದ್ಯರ ಬಳಿ ಇದ್ದದ್ದು ಅರೆಹೊಟ್ಟೆಯ ಪಥ್ಯ ಒಂದೇ. ಸಂಶೋಧಕರು ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟರು. ಯಾರ ಮನೆಯಲ್ಲಿ ಮಗುವಿಗೆ ಟೈಪ್ 1 ಮಧುಮೇಹವಿದೆಯೋ ಅವರಿಗೆ ಈ ಪದದ ನಿಜವಾದ ಅರ್ಥ ಗೊತ್ತು: ಅದು ಕೊನೆಯ ಹಂತದ ಹೆಸರಲ್ಲ, ಬದುಕಿಸುವ ವಸ್ತುವಿನ ಹೆಸರು. ಟೈಪ್ 2ರಲ್ಲೂ ಅಷ್ಟೆ. ವರ್ಷಗಳು ಕಳೆದಂತೆ ಕುದ್ರುಗಳ ಜೀವಕೋಶಗಳು ದಣಿಯುತ್ತವೆ, ಕೊರತೆಯಾದದ್ದನ್ನು ಹೊರಗಿನಿಂದ ತುಂಬಿಕೊಡಬೇಕಾಗುತ್ತದೆ. ಅದರಲ್ಲಿ ರೋಗಿಯ ತಪ್ಪೂ ಇಲ್ಲ, ಸೋಲೂ ಇಲ್ಲ.

ಕಾಲಿಪ್‌ನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸಸ್ಯಗಳಲ್ಲೂ ಇಂಥದ್ದೇನಾದರೂ ಇರಬಹುದೇ ಎಂದು ಅವನು 1923ರಲ್ಲಿ ಯೀಸ್ಟು, ಈರುಳ್ಳಿ ಮುಂತಾದವನ್ನು ಅರೆದು ಸಾರ ತೆಗೆದು ಪ್ರಾಣಿಗಳ ಮೇಲೆ ಪರೀಕ್ಷಿಸಿದ. ಸಕ್ಕರೆ ಇಳಿದಂತೆ ಕಂಡಿತು. ಅದಕ್ಕೆ ಅವನು ‘ಗ್ಲೂಕೊಕೈನಿನ್’ ಎಂದು ಬೇರೆಯದೇ ಹೆಸರಿಟ್ಟ. ಆ ವಸ್ತು ಮುಂದೆ ಔಷಧವಾಗಲಿಲ್ಲ, ಹೆಸರೂ ಮರೆತುಹೋಯಿತು. ಆದರೆ ಇನ್ಸುಲಿನ್ನನ್ನು ಸ್ವಂತ ಕೈಯಿಂದ ಶುದ್ಧ ಮಾಡಿದವನು ಗಿಡದ ಸಾರಕ್ಕೆ ಆ ಹೆಸರು ಕೊಡಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಅವನು ಕೊಡದ ಹೆಸರನ್ನು ಕೊಟ್ಟವರು ನಾವು. ಇನ್ಸುಲಿನ್ ಗಿಡ ದಕ್ಷಿಣ ಅಮೆರಿಕ ಮೂಲದ್ದು, ಸಸ್ಯಶಾಸ್ತ್ರದಲ್ಲಿ ಕಾಸ್ಟಸ್ ಎಂಬ ಬಳಗದ್ದು. ಕಾಂಡವನ್ನು ಸುರುಳಿಯಾಗಿ ಸುತ್ತುತ್ತ ಮೇಲೇರುವ ಎಲೆಗಳು, ತುದಿಯಲ್ಲಿ ಕಿತ್ತಳೆ ಬಣ್ಣದ ಹೂವು. ನೆರಳಲ್ಲಿ ಸೊಂಪಾಗಿ ಬೆಳೆಯುತ್ತದೆ, ಕಡ್ಡಿ ಊರಿದರೆ ಸಾಕು. ಎಲೆ ಜಗಿದರೆ ಹುಳಿ. ಬೆಳಿಗ್ಗೆ ಎದ್ದು ಒಂದೆರಡು ಎಲೆ ಜಗಿಯುವವರು ನಮ್ಮಲ್ಲಿ ಬಹಳ ಮಂದಿ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದರ ಸಾರ ಸಕ್ಕರೆ ಇಳಿಸಿರುವುದು ನಿಜ. ಮನುಷ್ಯರಿಗೆ ಎಷ್ಟು ಎಲೆ, ಎಷ್ಟು ದಿನ ಎಂದು ನಿಶ್ಚಯಿಸುವ ದೊಡ್ಡ ಪರೀಕ್ಷೆಗಳು ಆಗಿಲ್ಲ. ಎಲೆಯೊಳಗೆ ಇನ್ಸುಲಿನ್ ಇದೆ ಎಂಬ ನಂಬಿಕೆಯಂತೂ ಹೆಸರಿನಿಂದಲೇ ಹುಟ್ಟಿದ್ದು. ಇನ್ಸುಲಿನ್ 51 ಅಮೈನೊ ಆಮ್ಲಗಳ ಒಂದು ಪ್ರೋಟೀನು. ನುಂಗಿದರೆ ತೊವ್ವೆಯ ಬೇಳೆಯಂತೆ ಅದೂ ಜೀರ್ಣವಾಗಿ ಹೋಗುತ್ತದೆ, ರಕ್ತಕ್ಕೆ ಇನ್ಸುಲಿನ್ ಆಗಿ ತಲುಪುವುದಿಲ್ಲ. ಅದಕ್ಕಾಗಿಯೇ ನೂರು ವರ್ಷಗಳಿಂದಲೂ ಸೂಜಿ.

ಸೂಜಿಯ ಇನ್ಸುಲಿನ್ನಿಗೆ ‘ಯೂನಿಟ್’ ಎಂಬ ಅಳತೆಯಿದೆ. ಆರಂಭದಲ್ಲಿ ಮೊಲದ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂದು ನೋಡಿ ಆ ಅಳತೆಯನ್ನು ಗೊತ್ತುಮಾಡಿದ್ದರು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಿಂಜಿನ ಕೆಂಪು ಮುಚ್ಚಳ ಮಿಲಿಲೀಟರಿಗೆ 40 ಯೂನಿಟಿನ ಔಷಧಕ್ಕೆ, ಕಿತ್ತಳೆ ಮುಚ್ಚಳ 100 ಯೂನಿಟಿನದಕ್ಕೆ. ಅದಲುಬದಲಾದರೆ ಪ್ರಾಣಾಪಾಯ. ಇಷ್ಟು ಕಟ್ಟುನಿಟ್ಟಿನ ಅಳತೆಯ ಪದವನ್ನು, ಎಲೆ ದೊಡ್ಡದೋ ಚಿಕ್ಕದೋ ಎಂದೂ ನೋಡದ ಕಡೆ ಬಳಸುತ್ತಿದ್ದೇವೆ ಎಂಬುದು ನನ್ನ ಆತಂಕ. ಹೆಸರನ್ನು ನಂಬಿ ಯಾರಾದರೂ ತಾಯಿ ಮಗುವಿನ ಚುಚ್ಚುಮದ್ದು ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಮಗು ಪ್ರಜ್ಞೆ ತಪ್ಪಬಹುದು.

ಅಡುಗೆಮನೆಯ ಮೆಂತ್ಯಕ್ಕೆ ಇಂಥ ದೊಡ್ಡ ಹೆಸರಿಲ್ಲ, ಆದರೆ ಅದರ ಕೆಲಸ ಎಲೆಗಿಂತ ಸ್ಪಷ್ಟ. ರಾತ್ರಿ ನೆನೆಹಾಕಿದ ಕಾಳಿನ ಮೇಲೆ ಬೆಳಿಗ್ಗೆ ಕಾಣುವ ಲೋಳೆ ನೀರಿನಲ್ಲಿ ಕರಗುವ ನಾರು. ಹೊಟ್ಟೆಯಲ್ಲಿ ಅದು ಅನ್ನದ ಗ್ಲೂಕೋಸು ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪ್ರಯೋಗಗಳಲ್ಲಿ ಇದು ಕಂಡುಬಂತು. ಅಲ್ಲಿ ಕೊಟ್ಟದ್ದು ದಿನಕ್ಕೆ 25 ಗ್ರಾಂ, ಅದಕ್ಕಿಂತ ಹೆಚ್ಚೂ; ನಾವು ನೆನೆಸುವ ಒಂದು ಚಮಚದಲ್ಲಿ ಇರುವುದು ನಾಲ್ಕೈದು ಗ್ರಾಂ. ಚಕ್ಕೆಯ ಪುಡಿಯ ಫಲ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗಿದೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ಚಕ್ಕೆಯಲ್ಲಿ ಕೂಮರಿನ್ ಇರುವುದರಿಂದ, ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಕೆಡುಕು. ಸಕ್ಕರೆ ಇಳಿಸಲೆಂದು ಮಾರುವ ಕ್ರೋಮಿಯಮ್ಮಿನ ಮಾತ್ರೆಯೂ ಒಂದು ಹೆಸರಿನ ಬಲದಿಂದಲೇ ಬಂದದ್ದು. 1959ರಲ್ಲಿ ಶ್ವಾರ್ಟ್ಸ್ ಮತ್ತು ಮರ್ಟ್ಸ್ ಯೀಸ್ಟಿನಲ್ಲಿದ್ದ ‘ಗ್ಲೂಕೋಸ್ ತಾಳಿಕೆಯ ಅಂಶ’ ಕ್ರೋಮಿಯಮ್ಮೇ ಎಂದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲಿ ಕ್ರೋಮಿಯಂ ಪಿಕೊಲಿನೇಟ್ ಬಗ್ಗೆ ಪ್ರಚಾರಕ್ಕೆ ಅನುಮತಿ ಕೊಟ್ಟದ್ದು, ಅದಕ್ಕೂ ಮಧುಮೇಹಕ್ಕೂ ಇರುವ ಸಂಬಂಧ ಅತ್ಯಂತ ಅನಿಶ್ಚಿತ ಎಂಬ ಮಾತನ್ನು ಸೇರಿಸಿಯೇ. ನಮ್ಮಲ್ಲೂ ಇಂಥ ಪೂರಕಗಳ ಡಬ್ಬಿಯ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂದು ಮುದ್ರಿಸಬೇಕೆಂಬ ನಿಯಮವಿದೆ. ಡಬ್ಬಿ ತಿರುಗಿಸಿದರೆ ಆ ಸಾಲು ಸಿಗುತ್ತದೆ.

ಮಧುಮೇಹಿಗಳು ನಿಜವಾಗಿ ಕೇಳಿ ಪರೀಕ್ಷಿಸಿಕೊಳ್ಳಬೇಕಾದ ಪೋಷಕಾಂಶ ಒಂದಿದೆ, ಅದು ಬಿ12. ವರ್ಷಗಟ್ಟಲೆ ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದು ಕಡಿಮೆಯಾಗುವುದುಂಟು. ಆಗ ಕಾಲು ಜೋಮು ಹಿಡಿದರೆ ಎಲ್ಲರೂ ಸಕ್ಕರೆಯನ್ನೇ ದೂರುತ್ತಾರೆ. ಬಿ12 ಸಕ್ಕರೆ ಇಳಿಸುವುದಿಲ್ಲ, ನರಗಳನ್ನು ಕಾಯುತ್ತದೆ. ಹಾಗಾಗಿ ಸಕ್ಕರೆಯ ಹೆಸರಿನಲ್ಲಿ ಮಾರುವ ಪುಡಿಗಳ ಗದ್ದಲದಲ್ಲಿ ಅದರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಎಲೆ ತಿನ್ನುವವರನ್ನು ಗದರಿಸುವುದು ಸರಿಯಲ್ಲ. ತಮ್ಮ ಆರೋಗ್ಯಕ್ಕೆ ತಾವೂ ಏನಾದರೂ ಮಾಡಬೇಕೆಂಬ ಆಸೆ ಅವರದು, ಅದು ಒಳ್ಳೆಯದೇ. ಒಂದು ಕೆಲಸ ಮಾತ್ರ ಆಗಬೇಕು. “ಬೇರೆ ಏನಾದ್ರೂ ತಗೋತೀರಾ?” ಎಂದು ಡಾಕ್ಟರು ಕೇಳಿದಾಗ ಬಹಳ ಜನ “ಇಲ್ಲ ಸಾರ್” ಎನ್ನುತ್ತಾರೆ, ಹಿತ್ತಲ ಎಲೆ, ಮೆಂತ್ಯದ ಹಿಟ್ಟು, ಹಾಗಲದ ರಸ ಅವರ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆಯ ಜೊತೆಗೆ ಇವೂ ಸೇರಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಕಣ್ಣು ಮಂಜಾಗುತ್ತದೆ. ಮಾತ್ರೆಯ ಚೀಟಿಯ ಹಿಂದೆ ಇವುಗಳನ್ನೂ ಎಷ್ಟೆಷ್ಟು ಎಂದು ಬರೆದುಕೊಂಡು ಹೋಗಿ, ಡಾಕ್ಟರಿಗೆ ಓದಿ ಹೇಳಿ.