ನೂರಕ್ಕೆ ಎಷ್ಟು? ಯಾವ ನೂರಕ್ಕೆ?

1690ರ ದಶಕದ ಆರಂಭ. ಫ್ರಾನ್ಸಿನ ಮೇಲಿನ ಯುದ್ಧದಿಂದ ಇಂಗ್ಲೆಂಡಿನ ಬೊಕ್ಕಸ ಬರಿದಾಗುತ್ತಿತ್ತು. ಹಣ ಹೊಂದಿಸಲು ಸರ್ಕಾರ ಒಂದು ದಾರಿ ಹುಡುಕಿತು: ಪ್ರಜೆಗಳು ಈಗ ಒಂದೇ ಗಂಟಾಗಿ ಹಣ ಕೊಡಬೇಕು, ಸರ್ಕಾರ ಅದಕ್ಕೆ ಪ್ರತಿಯಾಗಿ ಜೀವ ಇರುವ ತನಕ ವರ್ಷಾಶನ ಕೊಡುತ್ತದೆ. ಈ ವ್ಯವಹಾರದಲ್ಲಿ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಹತ್ತು ವರ್ಷದ ಹುಡುಗನ ಹೆಸರಿಗೆ ಕೊಂಡರೂ ಅದೇ ಬೆಲೆ, ಎಪ್ಪತ್ತರ ಮುದುಕನ ಹೆಸರಿಗೆ ಕೊಂಡರೂ ಅದೇ ಬೆಲೆ. ಇದರಲ್ಲಿ ಖಜಾನೆಗೆ ನಷ್ಟವಿದೆ ಎಂದು ಯಾರಿಗಾದರೂ ಹೊಳೆಯುವಂತಿತ್ತು. ಎಷ್ಟು ನಷ್ಟ ಎಂದು ಹೇಳಲು ನೆಚ್ಚಬಹುದಾದ ಪಟ್ಟಿಯೇ ಇರಲಿಲ್ಲ.

ಆ ಪಟ್ಟಿ ಮಾಡಿಕೊಟ್ಟವನು ಖಗೋಳಜ್ಞ ಎಡ್ಮಂಡ್ ಹ್ಯಾಲಿ. ಅವನ ಹೆಸರು ಇಂದು ಧೂಮಕೇತುವಿಗೆ ಅಂಟಿಕೊಂಡಿದೆ. ಹ್ಯಾಲಿ ಲಂಡನ್ನಿನ ಸಾವಿನ ಲೆಕ್ಕವನ್ನು ನಂಬಲಿಲ್ಲ, ಏಕೆಂದರೆ ಹೊರಗಿನಿಂದ ಬಂದು ಸೇರಿದವರೇ ಅಲ್ಲಿ ಬಹಳ ಮಂದಿ. ಅವನ ಕೈಗೆ ಸಿಕ್ಕಿದ್ದು ಬ್ರೆಸ್ಲಾವ್ ಎಂಬ ದೂರದ ಊರಿನ ಜನನ ಮರಣದ ದಾಖಲೆ. ಅಲ್ಲಿನ ಪಾದ್ರಿ ಕ್ಯಾಸ್ಪರ್ ನಾಯ್ಮನ್ ಅದನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದ. ಇಂದು ಪೋಲೆಂಡಿನಲ್ಲಿರುವ ಆ ಊರಿಗೆ ಆಗ ಬರುವವರೂ ಅದನ್ನು ಬಿಡುವವರೂ ಕಡಿಮೆಯಿದ್ದರು. 1693ರಲ್ಲಿ ಹ್ಯಾಲಿ ಪ್ರಕಟಿಸಿದ ಪಟ್ಟಿ ಒಂದು ವರ್ಷದ 1000 ಮಕ್ಕಳಿಂದ ಶುರುವಾಗುತ್ತದೆ. ಇಪ್ಪತ್ತನೇ ವಯಸ್ಸಿಗೆ ಉಳಿಯುವವರು 598, ನಲವತ್ತಕ್ಕೆ 445, ಅರವತ್ತಕ್ಕೆ 242. ನಲವತ್ತು ದಾಟಿದ 445 ಮಂದಿಯಲ್ಲಿ ನಲವತ್ತೇಳನ್ನು ಮುಟ್ಟುವವರು 377. ಹಾಗಾಗಿ ನಲವತ್ತರವನೊಬ್ಬ ಇನ್ನೇಳು ವರ್ಷ ಬದುಕುತ್ತಾನೆ ಎಂದು ಪಣ ಕಟ್ಟುವವನು ಒಂದಕ್ಕೆ ಐದೂವರೆಯಂತೆ ಕಟ್ಟಬಹುದು ಎಂದು ಹ್ಯಾಲಿ ಲೆಕ್ಕ ಹಾಕಿದ.

ಹ್ಯಾಲಿ ಬಳಸಿದ್ದು ಜೂಜಿನ ಭಾಷೆ. ಆ ಕಾಲದಲ್ಲಿ ಸಂಭವನೀಯತೆಯ ಲೆಕ್ಕ ಹೆಚ್ಚಾಗಿ ನಡೆಯುತ್ತಿದ್ದುದು ಅದೇ ಭಾಷೆಯಲ್ಲಿ.

ಅದಕ್ಕೂ ನಾಲ್ಕು ದಶಕ ಮೊದಲು, 1654ರಲ್ಲಿ, ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ದ ಫರ್ಮಾ ಪತ್ರ ಬರೆದುಕೊಂಡದ್ದು ಅರ್ಧಕ್ಕೆ ನಿಂತ ಆಟದ ವಿಚಾರವಾಗಿ. ಇಬ್ಬರು ತಲಾ 32 ಚಿನ್ನದ ನಾಣ್ಯ ಪಣವಿಟ್ಟಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ ಅಷ್ಟೂ ಹಣ. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತರೆ ಹಣ ಹಂಚುವುದು ಹೇಗೆ? ಪಾಸ್ಕಲ್‌ನ ಉತ್ತರ ಹೀಗೆ: ಮುಂದಿನ ಆಟ ಸೋತರೂ ಮೊದಲಿನವನು ಸರಿಸಮಕ್ಕೆ ಬರುತ್ತಾನೆ, ಆದ್ದರಿಂದ 32 ಅವನ ಪಾಲಿಗೆ ಖಚಿತ. ಉಳಿದ 32ಕ್ಕೆ ಇಬ್ಬರಿಗೂ ಸಮನಾದ ಹಕ್ಕು. ಅಲ್ಲಿಗೆ ಒಬ್ಬನಿಗೆ 48, ಇನ್ನೊಬ್ಬನಿಗೆ 16. ಇದಕ್ಕೂ ಹಿಂದಿನ ಪಂದ್ಯಗಳಲ್ಲಿ ಯಾರು ಎಷ್ಟು ಗೆದ್ದಿದ್ದರು ಎಂಬ ಚರಿತ್ರೆಯನ್ನು ಪಾಸ್ಕಲ್ ಕೇಳುವುದಿಲ್ಲ. ಇಬ್ಬರ ಅವಕಾಶವೂ ಸಮ ಎಂದು ಒಪ್ಪಿಕೊಂಡರೆ ಸಾಕು. ಹ್ಯಾಲಿಗೆ ಅಷ್ಟು ಸಾಲದು, ಅವನಿಗೆ ಸತ್ತವರ ಲೆಕ್ಕ ಬೇಕು. ಒಂದೇ ಬಗೆಯ ಅಂಕಿ ಪಾಸ್ಕಲ್‌ಗೆ ನ್ಯಾಯವಾದ ಪಾಲು, ಹ್ಯಾಲಿಗೆ ಒಂದು ಊರಿನ ಅನುಭವ.

ಈ ಎರಡು ಲೆಕ್ಕಗಳೂ ಒಂದೇ ಕಡೆ ಸೇರುವ ಕಥೆ ಮಹಾಭಾರತದ ನಳೋಪಾಖ್ಯಾನದಲ್ಲಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಋತುಪರ್ಣನ ಸಾರಥಿಯಾಗಿ ಹೋಗುವಾಗ, ರಾಜನು ದಾರಿಬದಿಯ ತಾರೆ ಮರದ ಎಲೆ, ಕಾಯಿಗಳ ಲೆಕ್ಕವನ್ನು ನೋಟದಲ್ಲೇ ಹೇಳುತ್ತಾನೆ. ನಳ ಇಳಿದು ಎಣಿಸಿ ನೋಡಿದರೆ ಲೆಕ್ಕ ಸರಿ. ಅದೇ ರಾಜ ಅವನಿಗೆ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು ಕಲಿಸುತ್ತಾನೆ. ತಾರೆಕಾಯಿಯೇ ಅಂದಿನ ಜೂಜಿನ ಕಾಯಿ.

ಎಷ್ಟು ಎಣಿಸಿದರೆ ಸಾಕು ಎಂಬ ಪ್ರಶ್ನೆಗೆ ಮೊದಲು ಗಣಿತದ ಉತ್ತರ ಕೊಟ್ಟವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಒಂದು ಗಡಿಗೆಯಲ್ಲಿ 3000 ಬಿಳಿ, 2000 ಕಪ್ಪು ಹರಳುಗಳಿವೆ, ತೆಗೆಯುವವನಿಗೆ ಅದು ಗೊತ್ತಿಲ್ಲ. ಒಂದೊಂದಾಗಿ ತೆಗೆದು, ಬಣ್ಣ ನೋಡಿ, ಮತ್ತೆ ಗಡಿಗೆಗೆ ಹಾಕುತ್ತಾ ಹೋದರೆ ನಿಜವಾದ ಪ್ರಮಾಣ ಹೆಚ್ಚುಕಡಿಮೆ ಯಾವಾಗ ತಿಳಿದೀತು? ಸಾವಿರಕ್ಕೆ ಒಂದರಷ್ಟು ಮಾತ್ರ ಸಂದೇಹ ಉಳಿಯಬೇಕಾದರೆ 25,550 ಸಲ ತೆಗೆಯಬೇಕು ಎಂದು ಬರ್ನೂಲಿಯ ಲೆಕ್ಕ ಹೇಳಿತು. ಅವನು ತೀರಿಕೊಂಡ ಮೇಲೆ, 1713ರಲ್ಲಿ, ಅವನ ಪುಸ್ತಕ ಅಚ್ಚಾಯಿತು. ವಿಮಾ ವ್ಯಾಪಾರ ಇಂದಿಗೂ ನಿಂತಿರುವುದು ಈ ತಳಹದಿಯ ಮೇಲೆ: ಒಬ್ಬನ ಸಾವು ಯಾರಿಗೂ ಗೊತ್ತಿಲ್ಲ, ಲಕ್ಷ ಜನರ ಸಾವು ಹೆಚ್ಚುಕಡಿಮೆ ಗೊತ್ತು.

ನ್ಯಾಯಾಲಯಕ್ಕೆ ಈ ಗಡಿಗೆ ಒಗ್ಗಲಿಲ್ಲ. ಅಲ್ಲಿ ಕಟಕಟೆಯಲ್ಲಿ ನಿಂತವನು ಒಬ್ಬನೇ, ನಡೆದ ಘಟನೆಯೂ ಒಂದೇ. ಫ್ರಾನ್ಸಿನ ಗಣಿತಜ್ಞರಾದ ಕೊಂಡೊರ್ಸೆ 1785ರಲ್ಲಿ, ಪ್ವಾಸೋನ್ 1837ರಲ್ಲಿ ತೀರ್ಪುಗಳನ್ನೂ ಲೆಕ್ಕಕ್ಕೆ ಇಳಿಸಲು ಹೊರಟರು. ಭಾರತದ 1872ರ ಸಾಕ್ಷ್ಯ ಕಾಯಿದೆ ಸಂಭವವನ್ನು ಒಪ್ಪಿಕೊಂಡಿತು, ಅಂಕಿಯನ್ನು ಮಾತ್ರ ಹೇಳಲಿಲ್ಲ. ವಿವೇಕವುಳ್ಳವನೊಬ್ಬ ನಿಜವೆಂದು ಭಾವಿಸಿ ನಡೆದುಕೊಳ್ಳುವಷ್ಟು ಸಂಭವನೀಯವಾದರೆ ಆ ಸಂಗತಿ ರುಜುವಾತಾದಂತೆ ಎಂಬುದು ಅದರ ಸೂತ್ರವಾಗಿತ್ತು. ಸಿವಿಲ್ ದಾವೆಯಲ್ಲಿ ತಕ್ಕಡಿ ಯಾವ ಕಡೆ ವಾಲಿತು ಎಂದು ನೋಡಿದರೆ ಸಾಕು, ಕ್ರಿಮಿನಲ್ ಮೊಕದ್ದಮೆಯಲ್ಲಿ ಯುಕ್ತವಾದ ಸಂದೇಹ ಉಳಿಯಕೂಡದು. ಇಷ್ಟು ಪ್ರತಿಶತ ಎಂದು ನ್ಯಾಯಾಧೀಶರು ಸಾಮಾನ್ಯವಾಗಿ ಬರೆಯುವುದಿಲ್ಲ.

ಅಂಕಿ ಒಳನುಗ್ಗಿದಾಗ ಏನಾಗುತ್ತದೆ ಎಂಬುದನ್ನು 1999ರ ಇಂಗ್ಲೆಂಡಿನ ಮೊಕದ್ದಮೆಯೊಂದು ತೋರಿಸಿತು. ವಕೀಲೆಯೊಬ್ಬಳ ಎರಡು ಹಸುಗೂಸುಗಳು ಒಂದಾದ ಮೇಲೊಂದು ತೀರಿಕೊಂಡಿದ್ದವು, ಕೊಲೆಯ ಆರೋಪ ತಾಯಿಯ ಮೇಲೆ ಬಂತು. ಇಂಥ ಕುಟುಂಬದಲ್ಲಿ ಒಂದು ಮಗು ಕಾರಣ ತಿಳಿಯದೆ ಸಾಯುವ ಸಂಭವ 8,543ಕ್ಕೆ ಒಂದು ಎಂದ ತಜ್ಞ ವೈದ್ಯ, ಅದನ್ನು ಅದರಿಂದಲೇ ಗುಣಿಸಿ ಎರಡೂ ಸಾಯುವ ಸಂಭವ 7 ಕೋಟಿ 30 ಲಕ್ಷಕ್ಕೆ ಒಂದು ಎಂದ. ಒಂದೇ ಮನೆಯ ಮಕ್ಕಳ ಸಾವು ಎರಡು ದಾಳಗಳಂತೆ ಬೇರೆಬೇರೆಯಲ್ಲ, ರಕ್ತಸಂಬಂಧವೂ ಪರಿಸರವೂ ಎರಡನ್ನೂ ತಾಕಬಹುದು. ಅಲ್ಲದೆ ಇಂಥ ಸಾವು ಅಪರೂಪ ಎಂದ ಮಾತ್ರಕ್ಕೆ ತಾಯಿ ನಿರಪರಾಧಿಯಾಗಿರುವುದು ಅಪರೂಪವಾಗುವುದಿಲ್ಲ. ತಾಯಿಯೇ ಎರಡು ಮಕ್ಕಳನ್ನು ಕೊಲ್ಲುವುದೂ ಬಹಳ ವಿರಳ, ಎರಡನ್ನೂ ಹೋಲಿಸಬೇಕು. ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಇದನ್ನು ಬಹಿರಂಗವಾಗಿ ಆಕ್ಷೇಪಿಸಿತು. 2003ರಲ್ಲಿ ಶಿಕ್ಷೆ ರದ್ದಾಯಿತು. ವಿಚಾರಣೆಯಲ್ಲಿ ಹೊರಗೆ ಬಾರದಿದ್ದ ವೈದ್ಯಕೀಯ ವರದಿ ಅದಕ್ಕೆ ಮುಖ್ಯ ಕಾರಣ, ಆದರೆ ಮೇಲ್ಮನವಿ ನ್ಯಾಯಾಲಯ ಆ ಅಂಕಿಯನ್ನೂ ಕಟುವಾಗಿ ಟೀಕಿಸಿತು.

ವೈದ್ಯರೂ ಇದೇ ಹಳ್ಳಕ್ಕೆ ಬೀಳುತ್ತಾರೆ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ 60 ವೈದ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆ ಇಡಲಾಯಿತು. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಆರೋಗ್ಯವಂತರಲ್ಲೂ ನೂರಕ್ಕೆ ಐವರಿಗೆ ಕಾಯಿಲೆಯಿದೆ ಎಂದು ತಪ್ಪಾಗಿ ತೋರಿಸುವ ಪರೀಕ್ಷೆ. ಪರೀಕ್ಷೆ ಪಾಸಿಟಿವ್ ಬಂದವನಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವ ಎಷ್ಟು? ಅತಿ ಹೆಚ್ಚು ಜನ ಕೊಟ್ಟ ಉತ್ತರ 95 ಪ್ರತಿಶತ. ಬೆರಳಲ್ಲಿ ಎಣಿಸಿದರೂ ಸಾಕಿತ್ತು: ಸಾವಿರ ಜನರಲ್ಲಿ ರೋಗಿ ಒಬ್ಬ, ತಪ್ಪಾಗಿ ಸಿಕ್ಕಿಬಿದ್ದವರು ಸುಮಾರು 50. ಸರಿಯಾದ ಉತ್ತರ ಸುಮಾರು 2 ಪ್ರತಿಶತ, ಅದನ್ನು ಹೇಳಿದವರು 11 ಮಂದಿ.

ಭೌತವಿಜ್ಞಾನದಲ್ಲಿ ಈ ಅಂಕಿ ಇನ್ನೂ ವಿಚಿತ್ರ. ರೇಡಿಯಮ್ಮಿನ ಪರಮಾಣುಗಳಲ್ಲಿ ಅರ್ಧದಷ್ಟು ಸುಮಾರು 1600 ವರ್ಷಗಳಲ್ಲಿ ಒಡೆಯುತ್ತವೆ, ಆದರೆ ಮುಂದೆ ಒಡೆಯುವ ಪರಮಾಣು ಯಾವುದೆಂದು ಹೇಳಲಾಗದು. 1926ರಲ್ಲಿ ಮ್ಯಾಕ್ಸ್ ಬಾರ್ನ್ ಸಂಭವನೀಯತೆಯನ್ನು ಕ್ವಾಂಟಂ ಸಿದ್ಧಾಂತದ ಒಡಲಿಗೇ ತಂದ. ವಿಮಾ ಕಂಪನಿಗೆ ಸಂಭವನೀಯತೆ ಬೇಕಾಗುವುದು ಮಾಹಿತಿ ಸಾಲದೆ, ಬಾರ್ನ್‌ನ ಪ್ರಕಾರ ನಿಸರ್ಗದಲ್ಲಿ ಅದಕ್ಕಿಂತ ಹೆಚ್ಚಿನ ಮಾಹಿತಿಯೇ ಇಲ್ಲ. ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಭಾರತಕ್ಕೆ ಸಂಭವನೀಯತೆಯ ಲೆಕ್ಕ ಬಂದದ್ದು ವಿಮೆಯ ಹಡಗು ಹತ್ತಿ. 1818ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಓರಿಯಂಟಲ್ ಕಂಪನಿಯ ಗಮನವೆಲ್ಲ ಯುರೋಪಿಯನ್ನರ ಮೇಲಿತ್ತು. ಮುಂದೆ ಭಾರತೀಯರಿಗೂ ಪಾಲಿಸಿ ಸಿಕ್ಕಿತು, ಆದರೆ ಅವರ ಜೀವ ಕೀಳುದರ್ಜೆಯದೆಂದು ಎಣಿಸಿ ಹೆಚ್ಚುವರಿ ಪ್ರೀಮಿಯಂ ವಸೂಲಾಗುತ್ತಿತ್ತು. ಕೋಟ್ಯಂತರ ಜನರನ್ನು, ಅವರಲ್ಲಿನ ಉಳ್ಳವರು ಇಲ್ಲದವರೆಂಬ ಭೇದ ನೋಡದೆ, ಒಂದೇ ಗುಂಪಿಗೆ ತಳ್ಳಿದ ಲೆಕ್ಕ ಅದು. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಸರ್ಕಾರಿ ಜೀವವಿಮೆ ತಂದಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದು.

ಅದೇ ಮೈಸೂರಿನಲ್ಲಿ ಜೆ.ಎಸ್. ಚಕ್ರವರ್ತಿ ಎಂಬ ಅಧಿಕಾರಿ ಸಾವಿನ ಲೆಕ್ಕವನ್ನು ಮಳೆಗೆ ಹಚ್ಚಿದರು. 1915ರ ಹೊತ್ತಿಗೆ ಅವರು ಬರಗಾಲದ ವಿರುದ್ಧ ರೈತರಿಗೆ ಮಳೆವಿಮೆ ಸೂಚಿಸಿದರು, 1920ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು, ಅಳೆದರೂ ಜಗಳ ತಪ್ಪದು. ಅದರ ಬದಲು ಒಂದು ಪ್ರದೇಶದ ಹಳೆಯ ಮಳೆ ದಾಖಲೆ ನೋಡಿ, ಮಳೆ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಾದರೆ ಅಲ್ಲಿನ ವಿಮೆದಾರರೆಲ್ಲರಿಗೂ ಪರಿಹಾರ ಕೊಡಬೇಕು ಎಂಬುದು ಅವರ ಯೋಜನೆ. ಹ್ಯಾಲಿಗೆ ಬ್ರೆಸ್ಲಾವ್ ಹೇಗೋ ಇವರಿಗೆ ಮಳೆಮಾಪಕ ಹಾಗೆ.

ಯೋಜನೆ ಕಾಗದದಲ್ಲೇ ಉಳಿಯಿತು. ಹವಾಮಾನ ಆಧಾರಿತ ಬೆಳೆವಿಮೆ ಯೋಜನೆ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು 2007ರ ಮುಂಗಾರಿನಲ್ಲಿ. ಮಲೆನಾಡಿನ ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗೆ ಇಂದು ಇದು ಪರಿಚಿತ, ಇದರ ತಕರಾರೂ ಪರಿಚಿತ. ಮಳೆಮಾಪಕವಿರುವ ಕಡೆ ಹದವಾಗಿ ಮಳೆಯಾಗಿ, ಗುಡ್ಡದಾಚೆಯ ತೋಟದಲ್ಲಿ ಮಳೆ ಹೆಚ್ಚಾಗಿ ಕೊಳೆರೋಗ ಬಂದರೆ ಪರಿಹಾರವಿಲ್ಲ. ಕಂಪನಿಯ ಸಂಭವನೀಯತೆ ಮಾಪಕದ್ದು, ರೈತನ ನಷ್ಟ ತೋಟದ್ದು. ಈ ಅಂತರ ತಗ್ಗಿಸಲು ಇರುವ ಉಪಾಯ ಎಣಿಕೆಯ ಘಟಕವನ್ನು ಚಿಕ್ಕದು ಮಾಡುವುದು. ಅದಕ್ಕಾಗಿಯೇ ಈಗ ಪರಿಹಾರದ ಲೆಕ್ಕಕ್ಕೆ ಗ್ರಾಮ ಪಂಚಾಯತಿಯನ್ನೇ ಘಟಕವಾಗಿ ಹಿಡಿಯಲಾಗುತ್ತಿದೆ, ಪಂಚಾಯತಿ ಮಟ್ಟದ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ರಾಜ್ಯದ ಉದ್ದಗಲಕ್ಕೂ ನೆಡಲಾಗಿದೆ. ವಿಮೆ ಮಾಡಿಸುವ ಬೆಳೆಗಾರರು ಪ್ರೀಮಿಯಂ ಎಷ್ಟೆಂದು ಕೇಳುವಾಗ, ತಮ್ಮ ತೋಟವನ್ನು ಯಾವ ಮಾಪಕದ ಲೆಕ್ಕಕ್ಕೆ ಸೇರಿಸಿದ್ದಾರೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು.