ಕಲ್ನಾರಿನ ಧೂಳೂ ಪುಪ್ಪುಸದ ಪೊರೆಯ ಅರ್ಬುದವೂ

ಜವಳಗೇರಾ, ಮಸ್ಕಿ, ಲಿಂಗಸುಗೂರುಗಳನ್ನೊಳಗೊಂಡ ರಾಯಚೂರು ಸೀಮೆಯು ಚಿನ್ನದ ನೆಲವೆಂದು ಪ್ರಸಿದ್ಧವಾದುದು. ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಆಳವಾದ ಗಣಿಗಳೇ ಇದಕ್ಕೆ ಸಾಕ್ಷಿ. 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡುಹಿಡಿದ ಬೀಡನ್ ಎಂಬವನೂ ಚಿನ್ನವನ್ನು ಅರಸಿ ಬಂದ ಗಣಿ ಇಂಜಿನಿಯರನೇ. ಕಲ್ಲಿನ ಬರೆಹವನ್ನು ವಿದ್ವಾಂಸರು ಓದಿದರು. ಕಲ್ಲನ್ನು ಒಡೆದವರ ಎದೆಯಲ್ಲಿ ಧೂಳು ಮಾಡಿದ ಗುರುತನ್ನು ಓದುವ ವಿದ್ಯೆಯಾದರೋ ಈಚಿನದು.

ಧೂಳುಗಳಲ್ಲಿ ಭೇದವುಂಟು. ಚಿನ್ನದ ಗಣಿಯ ಶಿಲಾಧೂಳಿನಿಂದ ಸಿಲಿಕೋಸಿಸ್ ಹುಟ್ಟಿ ಪುಪ್ಪುಸವನ್ನು ಗಡುಸಾಗಿಸುವುದು. ಇದರ ಸಂಬಂಧವಾಗಿ ಮೈಸೂರು ಸಂಸ್ಥಾನವು 1940ರಲ್ಲಿ ನಿಯಮಗಳನ್ನು ರಚಿಸಿತು. ಕಲ್ನಾರಿನ ಎಳೆಗಳಾದರೋ ಪುಪ್ಪುಸವನ್ನು ಹೊದ್ದಿರುವ ಪೊರೆಯಲ್ಲಿ ಅರ್ಬುದವನ್ನುಂಟುಮಾಡುವುವು. ವೈದ್ಯರು ಇದನ್ನು ಮೀಸೋಥೀಲಿಯೋಮಾ ಎನ್ನುವರು. ಹೊಳೆನರಸೀಪುರದ ಸೀಮೆಯಲ್ಲಿ ಕಲ್ನಾರಿನ ನಿಕ್ಷೇಪಗಳಿರುವುದರಿಂದ ಕನ್ನಡನಾಡಿಗೆ ಇದು ದೂರದ ವಿಷಯವಲ್ಲ.

1960ರಲ್ಲಿ ವ್ಯಾಗ್ನರ್, ಸ್ಲೆಗ್ಸ್, ಮಾರ್ಷಾಂಡ್ ಎಂಬ ಮೂವರು ದಕ್ಷಿಣ ಆಫ್ರಿಕೆಯ 33 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ನೀಲಿ ಕಲ್ನಾರಿಗೂ ಈ ಅರ್ಬುದಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಗಣಿಯಲ್ಲಿ ದುಡಿಯದೆ ಅದರ ನೆರೆಯಲ್ಲಿ ಬಾಲ್ಯವನ್ನು ಕಳೆದವರೂ ಅವರಲ್ಲಿದ್ದರು. ಎಳೆಯು ಒಳಹೊಕ್ಕ ಮೇಲೆ ರೋಗವು ತಲೆದೋರಲು ಸಾಮಾನ್ಯವಾಗಿ 20ರಿಂದ 40 ವರ್ಷಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುವುದು.

ಏದುಸಿರು, ಎದೆನೋವು, ಪೊರೆಗಳ ನಡುವೆ ನೀರು ತುಂಬುವುದು, ಇವು ಇದರ ಲಕ್ಷಣಗಳು. ಎದೆಯಲ್ಲಿ ನೀರೆಂದೊಡನೆ ಕ್ಷಯವನ್ನು ಶಂಕಿಸುವುದು ನಮ್ಮ ದೇಶದಲ್ಲಿ ಸಹಜ. ನೀರಿನ ಪರೀಕ್ಷೆಯೊಂದೇ ಅನೇಕವೇಳೆ ಸಾಲದು. ಪೊರೆಯ ತುಣುಕನ್ನು ತೆಗೆದು, ವಿಶೇಷ ವರ್ಣಲೇಪನದಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ನಿರ್ಣಯ.

ಚಿಕಿತ್ಸೆಯು ಆಯುಸ್ಸನ್ನು ಸ್ವಲ್ಪವೇ ಹೆಚ್ಚಿಸಿದೆ. 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರ ಮಧ್ಯಮ ಜೀವಿತಾವಧಿ 9.3 ತಿಂಗಳು, ಪೆಮೆಟ್ರೆಕ್ಸೆಡ್ ಕೂಡಿಸಿದಾಗ 12.1 ತಿಂಗಳು. 2021ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ದೇಹದ ರಕ್ಷಣಾಶಕ್ತಿಯನ್ನು ಪ್ರಚೋದಿಸುವ ಎರಡು ಔಷಧಗಳಿಂದ ಅದು 18.1 ತಿಂಗಳಾಯಿತು, ರಾಸಾಯನಿಕ ಚಿಕಿತ್ಸೆ ಪಡೆದವರಲ್ಲಿ 14.1.

ಆದಕಾರಣ ಕಾರ್ಮಿಕನ ವೃತ್ತಾಂತವನ್ನು ಕಾಪಾಡುವುದು ಔಷಧದಷ್ಟೇ ಮುಖ್ಯ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ವಿಧಿಸಿತು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಒಂದು ಹೆಸರು ಉಳಿದಿದ್ದುದರಿಂದ ದೇವಾನಾಂಪ್ರಿಯನು ಯಾರೆಂಬುದು ನಿಶ್ಚಯವಾಯಿತು. ಅಂತೆಯೇ, ದಶಕಗಳ ಮೇಲೆ ಉಸಿರುಕಟ್ಟಿ ಬರುವ ಮುದುಕನ ರೋಗಕ್ಕೆ ಕಾರಣವನ್ನೂ, ಅವನ ಮನೆಯವರಿಗೆ ಪರಿಹಾರವನ್ನೂ ನಿಶ್ಚಯಿಸುವುದು ಹಳೆಯ ಹಾಜರಿ ಪುಸ್ತಕದ ಒಂದು ಸಾಲೇ ಆಗಬಹುದು.