ಗೆಲುವನ್ನು ಉಣಬಡಿಸುವ ಊರು

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊನಲು ಬೆಳಕಿನ ಮೊದಲ ಪಂದ್ಯ. ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಾಳಿ ಪಾಕಿಸ್ತಾನ. ಭಾರತದ 287 ರನ್ನುಗಳನ್ನು ಬೆನ್ನಟ್ಟಿದ ಅಮೀರ್ ಸೊಹೈಲ್, ವೆಂಕಟೇಶ್ ಪ್ರಸಾದರ ಚೆಂಡನ್ನು ಬೌಂಡರಿಗಟ್ಟಿ, ಬ್ಯಾಟು ತೋರಿಸಿ ಕೆಣಕಿದರು. ಮರು ಚೆಂಡಿಗೆ ಅವರ ಸ್ಟಂಪು ಉರುಳಿತು. ಭಾರತ 39 ರನ್ನುಗಳಿಂದ ಗೆದ್ದಿತು. ತಂಡದಲ್ಲಿ ಶ್ರೀನಾಥ್, ಕುಂಬ್ಳೆ, ಪ್ರಸಾದ್ ಮೂವರೂ ಕನ್ನಡಿಗರು. ಆ ಒಂದು ಚೆಂಡು ಇಂದಿಗೂ ಬೆಂಗಳೂರಿನ ಸ್ವಂತ ಆಸ್ತಿ.

ಆಡಿದವರು ಹನ್ನೊಂದು ಮಂದಿ. ಆದರೂ 'ನಾವು ಗೆದ್ದೆವು' ಎಂದು ಊರೇ ಹೇಳುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಇದನ್ನೇ ಪರೀಕ್ಷಿಸಿದರು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮೇಲಿನ ಸೋಮವಾರ, ಅದರ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚು. ಗೆದ್ದರೆ 'ನಾವು', ಸೋತರೆ 'ಅವರು'. ಪರರ ಗೆಲುವಿನ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು ಮನುಷ್ಯನ ಹಳೆಯ ಚಟ.

ಸೋಲು ತನ್ನ ಅಂಗಳದಲ್ಲೇ ಬಂದಾಗ ಈ 'ನಾವು' ಏನಾಗುತ್ತದೆ? ಬೆಂಗಳೂರಿನ ಸಂಭ್ರಮದ ನಾಲ್ಕೇ ದಿನಗಳ ನಂತರ ಕಲ್ಕತ್ತೆಯಲ್ಲಿ ಸೆಮಿಫೈನಲ್. ಶ್ರೀಲಂಕಾದೆದುರು 98ಕ್ಕೆ ಒಂದು ವಿಕೆಟ್ ಎಂದಿದ್ದ ಭಾರತ 120ಕ್ಕೆ ಎಂಟಾಯಿತು. ಬಾಟಲಿಗಳು ಹಾರಿದವು, ಆಸನಗಳು ಉರಿದವು. ಪಂದ್ಯ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಸಾರಬೇಕಾಯಿತು. ಆದರೆ ಸೋತ ಊರು ಉರಿಯಲೇಬೇಕೆಂದಿಲ್ಲ. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟನ್ನು ಪಾಕಿಸ್ತಾನ 12 ರನ್ನುಗಳಿಂದ ಗೆದ್ದಾಗ, ಚೆಪಾಕಿನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರು ಅಂದು ತಾವು ಆತಿಥೇಯರೆಂಬುದನ್ನು ಮರೆಯಲಿಲ್ಲ.

ಆತಿಥ್ಯದ ಸುಖವೇ ಬೇರೆ ಎಂಬುದಕ್ಕೆ ಪುರಾವೆಯೂ ಇದೆ. ಯೂರೋಪಿನ ಹನ್ನೆರಡು ದೇಶಗಳ ಸಮೀಕ್ಷೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದೊಡ್ಡ ಫುಟ್‌ಬಾಲ್ ಕೂಟವನ್ನು ನಡೆಸಿಕೊಟ್ಟ ದೇಶದ ಜನರ ನೆಮ್ಮದಿ ಏರುತ್ತದೆ, ಬೇಗನೆ ಇಳಿಯುತ್ತದೆ. ತಂಡ ನಿರೀಕ್ಷೆ ಮೀರಿ ಆಡಿದ್ದರಿಂದ ಅಷ್ಟು ಸ್ಪಷ್ಟ ಪರಿಣಾಮ ಕಾಣಲಿಲ್ಲ. ಗೆಲ್ಲುವುದಕ್ಕಿಂತ ನಡೆಸಿಕೊಡುವುದೇ ಮನಸ್ಸನ್ನು ಹೆಚ್ಚು ತುಂಬುತ್ತದೆ ಎಂದಾಯಿತು.

ಇದನ್ನು ನಮ್ಮ ದುರ್ಗದ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. ಮುಕ್ತಿ ಬಾವುಟ ಹರಾಜು ಹಿಡಿಯುವವರಿದ್ದಾರೆ, ತೇರಿನ ಹಗ್ಗ ಎಳೆಯುವವರಿದ್ದಾರೆ, ಕೊಬ್ಬರಿ ಸುಟ್ಟು ಹರಕೆ ತೀರಿಸುವವರಿದ್ದಾರೆ, ಬಂದ ನೆಂಟರಿಗೆ ಬಡಿಸುವವರಿದ್ದಾರೆ. ಅಲ್ಲಿ ಬರಿಯ ಪ್ರೇಕ್ಷಕರು ಕಡಿಮೆ. ಕೈಗೆ ಕೆಲಸವಿರುವುದರಿಂದ ಉತ್ಸಾಹಕ್ಕೂ ಒಂದು ದಾರಿಯಿರುತ್ತದೆ. ಹಾಗೆಂದು ಜಾತ್ರೆಯಲ್ಲಿ ಅಪಾಯವಿಲ್ಲವೆಂದಲ್ಲ. 2017ರಲ್ಲಿ ಕೊಟ್ಟೂರಿನ ತೇರೇ ಕುಸಿದು ಬಿದ್ದಿತ್ತು. ಆದರೆ ಜನಸಾಗರ ಬರುತ್ತದೆಂದು ಮೊದಲೇ ಅರಿತು, ಅದಕ್ಕೆ ಜಾಗ, ಹೊತ್ತು, ಕೆಲಸ ಗೊತ್ತುಮಾಡುವ ವಿವೇಕ ಜಾತ್ರೆಯ ಹಿಂದಿದೆ.

ಆ ವಿವೇಕ ಇಲ್ಲದಿದ್ದರೆ ಏನಾದೀತೆಂದು 2025ರ ಜೂನ್ 4 ತೋರಿಸಿತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ, ಹದಿನೆಂಟನೆಯ ಆವೃತ್ತಿಯಲ್ಲಿ, ಮೊದಲ ಐಪಿಎಲ್ ಕಪ್ ಗೆದ್ದಿತ್ತು. ಮರುದಿನವೇ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿಯತ್ತ ಎರಡು ಮೂರು ಲಕ್ಷ ಜನ ಬಂದರೆಂದು ಸರ್ಕಾರ ಹೇಳಿತು. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಹೆಚ್ಚಿನವರು ಹರೆಯದವರು. ಅಂದು ಬಂದವರಲ್ಲಿ ಕಲ್ಕತ್ತೆಯ ಸಿಟ್ಟಿರಲಿಲ್ಲ, ಸಂತೋಷ ಮಾತ್ರ ಇತ್ತು. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದವು. ಆತಿಥ್ಯದ ಮಾನವೇ ಹೋಯಿತು.

'ನಾವು ಗೆದ್ದೆವು' ಎಂದು ಬೀದಿಗೆ ಬಂದವರನ್ನು ಹುಚ್ಚರೆಂದು ಜರೆಯುವುದು ಸುಲಭ. ಅವರು ಬಂದದ್ದು ಊರು ಕರೆದದ್ದರಿಂದ. ಕರೆದ ಮನೆಯವರು ಎಲೆ ಎಷ್ಟು ಹಾಕಬೇಕೆಂದು ಮೊದಲೇ ಎಣಿಸಬೇಕು. ಉಂಡು ಹೊರಟವರು ಮನೆ ಮುಟ್ಟಿದರೆಂದು ತಿಳಿಯುವವರೆಗೂ ಅವರ ಹೊಣೆ ಮುಗಿಯುವುದಿಲ್ಲ.